ಬೀಳುವ ಹಣ್ಣಿಗೊಂದು ಜೋಲಿ

ಸೋಮವಾರ, ಮಧ್ಯಾಹ್ನ

ಅಮ್ಮಾ,

ನಾನು ಚೆನ್ನಾಗಿದ್ದೇನೆ ಎಂದು ಶುರು ಮಾಡಿದರೆ ನೀನು ನಂಬುವುದಿಲ್ಲ. ಹಾಗಾಗಿ ನಿನ್ನ ಮೊಮ್ಮಗಳಿಂದಲೇ ಶುರು ಮಾಡುತ್ತೇನೆ. ಕಡ್ಲೆ ಚೆನ್ನಾಗಿದ್ದಾಳೆ. ಕತ್ತಿನ ಮಡಿಕೆಯ ಬೆವರುಗುಳ್ಳೆ ಹೋಗಿದೆ. ತನ್ನ ಮುಷ್ಟಿಯನ್ನೇ ಯಾರದೋ ಎಂಬಂತೆ ದಿಟ್ಟಿಸುತ್ತಾಳೆ.

ತಿಂಗಳ ಕೊನೆಗೆ ನೀನು ಬಂದು ಅವಳನ್ನು ಕರೆದುಕೊಂಡು ಹೋಗುವುದು, ನನಗೆ ಸರಿಯಾಗಿ ನಿದ್ದೆ ಹತ್ತುವ ತನಕ ನಿನ್ನ ಹತ್ತಿರವೇ ಇಟ್ಟುಕೊಳ್ಳುವುದು ಎಂದು ಮಾತಾಗಿತ್ತು. ಬಾಟಲಿ ಹಾಲು ಕುಡಿಯುವ ಮಗು, ಯಾರ ಹತ್ತಿರವಾದರೂ ಇರುತ್ತಾಳೆ ಎಂದು ಅತ್ತು ಕೇಳಿದವಳೂ ನಾನೇ. ಆದರೆ ಹೊರಡುವ ಮುಂಚೆ ಇದನ್ನು ಓದು. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ನಾನು ಅಳದೆ ಬಿಡುವುದಿಲ್ಲ. ಅದಕ್ಕೇ ಕಾಗದ.

ನಿನಗೆ ಗೊತ್ತಿರುವುದು: ಅವಳು ಮಲಗಿದರೆ ನಾನು ಮೂಗಿನ ಕೆಳಗೆ ಬೆರಳು ಹಿಡಿದು ಕೂರುತ್ತೇನೆ. ಉಸಿರು ತಾಗುತ್ತದೆ, ಸರಿ. ಮುಂದಿನ ಉಸಿರಿಗೆ ಯಾರು ಜಾಮೀನು? ನಿನಗೆ ಹೇಳದೆ ಇದ್ದದ್ದು: ಮಂಚದ ಸುತ್ತ ನೆಲಕ್ಕೆ ಮನೆಯ ದುಪ್ಪಟಿಗಳನ್ನೆಲ್ಲ ಹಾಸಿಟ್ಟಿದ್ದೆ, ಬಿದ್ದರೆ ಪೆಟ್ಟಾಗದಿರಲಿ ಎಂದು. ಅತ್ತೆ ಬಾಗಿಲಲ್ಲೇ ನಿಂತು, “ಇನ್ನೂ ಮಗ್ಗುಲು ಹೊರಳಿಲ್ಲ, ಆಗಲೇ ಬೀಳೋಕೆ ಜಾಗ ಮಾಡಿಟ್ಟಿದ್ದಾಳೆ ನೋಡು!” ಎಂದಿದ್ದರು.

ಈಗ ಅವರ ಹಿತ್ತಲಿನ ಗೇರುಮರಗಳಿಗೆ ಫಸಲಿನ ಕಾಲ. ಇಲ್ಲಿ ಎಲ್ಲರೂ ಮಾಡುವುದು ಒಂದೇ. ಹಣ್ಣು ತಾನಾಗಿ ಬೀಳುವ ತನಕ ಕಾಯುತ್ತಾರೆ, ತುದಿಯ ಬೀಜ ತಿರುಚಿ ಬುಟ್ಟಿಗೆ ಹಾಕುತ್ತಾರೆ, ಹಣ್ಣನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಬೀಜ ಕಾರ್ಖಾನೆಗೆ, ಹಣ್ಣು ಇರುವೆಗೆ. ಕೆಂಪು ಹಣ್ಣು, ಹಳದಿ ಹಣ್ಣು, ಒಂದೊಂದೂ ರಸ ತುಂಬಿ ಬಿಗಿದು ನಿಂತದ್ದು ಮಣ್ಣಿನಲ್ಲಿ ಕೊಳೆಯುವುದನ್ನು ಕಿಟಕಿಯಿಂದ ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. ನಿದ್ದೆಯಂತೂ ಇಲ್ಲ, ಕೆಲಸವಾದರೂ ಇರಲಿ ಎಂದುಕೊಂಡೆ.

ಮೊದಲ ಸಲ ಬಿದ್ದ ಹಣ್ಣನ್ನೇ ತೊಳೆದು ಹಿಂಡಿದೆ. ಒಗರು ಗಂಟಲಿಗೆ ಚಿಲಕ ಹಾಕಿತು. ಅದನ್ನು ಇಳಿಸುವುದು ಕಾಲೇಜಿನಲ್ಲಿ ಓದಿದ ರಸಾಯನಶಾಸ್ತ್ರದಿಂದ ನನಗೆ ಗೊತ್ತಿತ್ತು. ಸಬ್ಬಕ್ಕಿಯನ್ನು ತೆಳ್ಳಗೆ ಗಂಜಿ ಕಾಯಿಸಿ, ಆರಿಸಿ ರಸಕ್ಕೆ ಬೆರೆಸಿಟ್ಟರೆ ಒಗರೆಲ್ಲ ಗಂಜಿಯನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಬಗ್ಗಿಸಿಕೊಳ್ಳಬಹುದು. ತಿಳಿ ಚೆನ್ನಾಗಿಯೇ ಬಂತು. ಆದರೆ ಬಿದ್ದು ಜಜ್ಜಿದ ಹಣ್ಣು ಒಳಗೊಳಗೇ ಹುಳಿಯೇರಿತ್ತು. ಮರುದಿನ ಸೀಸೆಯ ಮುಚ್ಚಳ ಹಾರಿ ಸೂರಿಗೆ ಬಡಿಯಿತು. ಕಡ್ಲೆ ಬೆಚ್ಚಿಬಿದ್ದಳು, ಅವಳಿಗಿಂತ ಹೆಚ್ಚು ನಾನು. ನಿನ್ನ ಅಳಿಯ ಒಂದು ಗುಟುಕು ಕುಡಿದು, “ಇದನ್ನ ಶರಬತ್ತು ಅಂತ ಕೊಟ್ರೆ ಸಂಜೆ ಹೊತ್ತು ನಮ್ಮನೆ ಮುಂದೆ ಕ್ಯೂ ನಿಲ್ಲುತ್ತೆ ಕಣೇ” ಎಂದು ನಕ್ಕರು.

ಎರಡನೆಯ ಸಲ ಮರದಿಂದಲೇ ಕಿತ್ತೆ. ರಸ ಚೆನ್ನಾಗಿತ್ತು, ಬೀಜ ಪೂರ್ತಿ ಬಲಿತಿರಲಿಲ್ಲ. ಅತ್ತೆ ಬೀಜವನ್ನು ಅಂಗೈಯಲ್ಲಿ ಕುಲುಕಿ ನೋಡಿ, “ಹಣ್ಣು ಉಳಿಸ್ತೀನಿ ಅಂತ ಬೀಜ ಕೊಂದ್ಯಲ್ಲೇ! ಕಿವಿ ಮಾರಿ ಓಲೆ ಮಾಡಿಸಿದ ಹಾಗಾಯ್ತು” ಎಂದರು.

ಬಿದ್ದದ್ದೂ ಆಗದು, ಕಿತ್ತದ್ದೂ ಆಗದು. ಅದೇ ದಿನ ಹಾಲಿನ ಬಾಟಲಿ ಹಿಡಿದು ಕೋಣೆಗೆ ಬಂದ ಅತ್ತೆ ನನ್ನ ದುಪ್ಪಟಿಗೆ ಕಾಲು ತೊಡರಿ ಮುಗ್ಗರಿಸಿದರು. “ಎತ್ತೇ ಇದನ್ನೆಲ್ಲ! ಬೀಳದೇ ಇರೋ ಮಗು ಕೆಳಗೆ ಹಾಸೋ ಬದಲು ಬೀಳೋ ಹಣ್ಣಿನ ಕೆಳಗೆ ಹಾಸು, ಹೋಗು!” ಬೈದದ್ದು ಅಷ್ಟೇ. ಬೈದಾದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹಾಸಲಿಲ್ಲ, ಕಟ್ಟಿದೆವು. ದುಪ್ಪಟಿಗಳ ಅಂಚು ಸೇರಿಸಿ ಹೊಲಿದು ಮರದ ಕೆಳಕೊಂಬೆಗಳಿಗೆ ಜೋಲಿಯಂತೆ ತೂಗುಬಿಟ್ಟೆವು. ಈಗ ಹಣ್ಣು ತನ್ನ ಹೊತ್ತಿಗೆ ತಾನು ಬೀಳುತ್ತದೆ. ಬೀಜ ಬಲಿತಿರುತ್ತದೆ, ಹಣ್ಣಿಗೆ ಗೀರೂ ಆಗಿರುವುದಿಲ್ಲ. ಬಿಸಿಲೇರುವ ಮುಂಚೆ ಆರಿಸಿ, ಕೂಡಲೇ ಹಿಂಡಿ, ತಿಳಿ ತೆಗೆದು, ಸಕ್ಕರೆ ಹಾಕಿ ಕುದಿಸಿ ಸೀಸೆಗೆ ತುಂಬುತ್ತೇನೆ. ಬೀದಿ ಮೂಲೆಯ ಬೇಕರಿಯಾಕೆ ರುಚಿ ನೋಡಿ ಯಾವ ಹಣ್ಣು ಎಂದು ಕೇಳಿದಳು. “ದಿನಾ ಮೂಗು ಮುಚ್ಕೊಂಡು ನಮ್ಮ ಬೇಲಿ ದಾಟ್ತೀಯಲ್ಲ, ಅದೇ” ಎಂದರು ಅತ್ತೆ. ಅಂಗಡಿಯಲ್ಲಿಡಲು ಸೀಸೆಗಳನ್ನು ಕೇಳಿದ್ದಾಳೆ.

ತೊಂದರೆ ಒಂದೇ. ಬೀಜದ ಸಿಪ್ಪೆಯೊಳಗೆ ಸುಡುವ ಸೊನೆಯಿದೆ, ಚರ್ಮಕ್ಕೆ ತಾಗಿದರೆ ಬೊಬ್ಬೆ. ಬೀಜ ತಿರುಚಿದ ಕೈಯಲ್ಲಿ ಮಗುವನ್ನು ಮುಟ್ಟಲೇಬಾರದು, ಎಷ್ಟು ತೊಳೆದರೂ ಮಧ್ಯಾಹ್ನದ ತನಕ ಅದರ ಕಾವು ಬಿಡುವುದಿಲ್ಲ ಎಂದು ಅತ್ತೆ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಹಾಗಾಗಿ ಬೆಳಗಿನ ಹೊತ್ತೆಲ್ಲ ಕಡ್ಲೆ ಅವರ ತೊಡೆಯ ಮೇಲೆ. ಮೊದಲ ದಿನ ಮತ್ತೆ ಮತ್ತೆ ಬಾಗಿಲಿಗೆ ಹೋಗಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಉಸಿರಾಡುತ್ತಿದ್ದಾಳಾ ಎಂದು ಕೇಳಿದೆ. “ಇಲ್ಲ, ಹಾಡು ಹೇಳ್ತಿದ್ದಾಳೆ. ಹೋಗೇ ಒಲೆ ನೋಡು.”

ಮುಟ್ಟುವಂತಿಲ್ಲ ಎಂದ ಮೇಲೆ ಬೆರಳು ಹಿಡಿಯುವಂತೆಯೂ ಇರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದರೆ ಅವಳ ಹೊಟ್ಟೆ ಏರಿಳಿಯುವುದು ಕಾಣುತ್ತದೆ, ಅಮ್ಮಾ. ಇಷ್ಟು ದಿನ ತೀರಾ ಹತ್ತಿರ ಕೂತು ನನಗದು ಕಂಡೇ ಇರಲಿಲ್ಲ.

ಸೀಸೆಗಳು ಆರುವ ತನಕ ಅಡುಗೆಮನೆಯಲ್ಲಿ ಚಾಪೆ ಹಾಕಿಕೊಂಡು ಗೋಡೆಗೆ ಒರಗುತ್ತೇನೆ. ಅದನ್ನು ನಿದ್ದೆ ಎನ್ನಲು ಧೈರ್ಯವಿಲ್ಲ. ಎದ್ದಾಗ ಮಾತ್ರ ಕೆನ್ನೆಯ ಮೇಲೆ ಚಾಪೆಯ ಗೆರೆ ಇರುತ್ತದೆ.

ನೀನು ಬಾ. ಆದರೆ ಕಡ್ಲೆಯನ್ನು ಕರೆದುಕೊಂಡು ಹೋಗಲು ಬೇಡ. ಫಸಲು ಮುಗಿದ ಮೇಲೆ, ಕೈಗೆ ಸೊನೆ ಇಲ್ಲದಾಗ ನಾನು ಹೇಗಿರುತ್ತೇನೋ ಗೊತ್ತಿಲ್ಲ. ಆ ಭಯ ಈಗಲೇ ಹತ್ತಿದೆ. ಆದರೂ ಅವಳು ಇಲ್ಲೇ ಇರಲಿ.

ಚಾಪೆಯ ಗೆರೆ ಬಿದ್ದ ಕೆನ್ನೆಯ
ನಿನ್ನ ಮಗಳು

ಮರೆತ ಮಾತು (ಇದು ನನ್ನ ಕೈಬರಹ, ಅವಳದ್ದಲ್ಲ): ಬೀಗಿತ್ತಿಯವರೇ, ಅಂಚೆಗೆ ಹಾಕಿ ಎಂದು ಇದನ್ನು ನನ್ನ ಕೈಗೆ ಕೊಟ್ಟು ನಿಮ್ಮ ಮಗಳು ಮಲಗಿದ್ದಾಳೆ. ಅಂಟಿಸುವ ಮುಂಚೆ ಓದಿದೆ, ಬೈಯಬೇಡಿ. ಸೊನೆಯ ಮಾತು ಅರ್ಧ ನಿಜ. ಬೀಜ ಒಡೆದರೆ ಸುಡುತ್ತದೆ. ಇಡಿಯಾಗಿ ತಿರುಚಿದರೆ ಸೋಪು ಹಾಕಿ ಕೈ ತೊಳೆದುಕೊಂಡರೆ ಸಾಕು. ನಾನು ಹಾಗೆ ತೊಳೆದುಕೊಂಡೇ ನಿಮ್ಮ ಅಳಿಯನನ್ನು ಎತ್ತಿ ಬೆಳೆಸಿದ್ದು. ಅವಳಿಗೆ ಹೇಳಬೇಡಿ. ಫಸಲು ಮುಗಿದ ಮೇಲೆ ನಾನೇ ಹೇಳುತ್ತೇನೆ, ಅಷ್ಟರಲ್ಲಿ ಮಗು ನನ್ನ ತೊಡೆಗೆ ಒಗ್ಗಿರುತ್ತದೆ, ಇವಳು ನಿದ್ದೆಗೆ. ನೀವು ಬರುವಾಗ ಹಳೆಯ ದುಪ್ಪಟಿ ಇದ್ದರೆ ತನ್ನಿ. ಬೇಲಿ ಪಕ್ಕದ ಮರಗಳಿಗೆ ಇನ್ನೂ ಕಟ್ಟಿಲ್ಲ.