ಒಳಗಿಲ್ಲದ ಹನ್ನೆರಡು ಕಂಬಗಳು

ಅಪಾಯಕಾರಿ ಕಟ್ಟಡಗಳ ವಿಭಾಗದ ಮಾನ್ಯ ಅಧಿಕಾರಿಗಳೇ,

ಕಲ್ಯಾಣದ ರೈಲು ಹಳಿಗಳಾಚೆಗಿನ ಹಳೆಯ ಗೋಥಿಕ್ ಚರ್ಚನ್ನು ಹದಿನೈದು ದಿನಗಳಲ್ಲಿ ತೆರವು ಮಾಡಬೇಕೆಂಬ ತಮ್ಮ ನೋಟಿಸನ್ನು ಮೂರು ಸಲ ಓದಿದೆ. ‘ಒಳಗಿನ ಹನ್ನೆರಡು ಕಂಬಗಳು ವಾಲಿವೆ’ ಎಂದಿದೆ. ಆ ಚರ್ಚಿನ ಒಳಗೆ ಒಂದೇ ಒಂದು ಕಂಬವಿಲ್ಲ. ಛಾವಣಿಯ ಭಾರವನ್ನು ಚೂಪು ಕಮಾನುಗಳು ಗೋಡೆಗೆ ದಾಟಿಸುತ್ತವೆ. ಗೋಡೆಗಳನ್ನು ಹೊರಗಿನಿಂದ ಕಲ್ಲಿನ ಆನಿಕೆಗಳು ಒತ್ತಿ ಹಿಡಿದಿವೆ. ತಮ್ಮ ಇಂಜಿನಿಯರರು ಎಣಿಸಿದ್ದು ಏನನ್ನು?

ರೈಲ್ವೆಯ ಬಿಳಿಯರು ಪ್ರಾರ್ಥನೆಗೆಂದು ಕಟ್ಟಿಸಿದ ಈ ಚರ್ಚು ಅವರು ಹೋದ ಮೇಲೆ ಪಾರ್ಸೆಲ್ ಗೋದಾಮಾಯಿತು, ಆಮೇಲೆ ಪಾರಿವಾಳಗಳ ಪಾಲಾಯಿತು. 2001ರಲ್ಲಿ ಚರ್ಚಿನ ಟ್ರಸ್ಟಿನವರು ಭಾನುವಾರದ ಕನ್ನಡ ತರಗತಿಗೆಂದು ಮುಂಬೈ ಸೀಮೆಯ ಕನ್ನಡಿಗರಾದ ನಮ್ಮ ಸಂಘಕ್ಕೆ ಅದನ್ನು ಬಿಟ್ಟುಕೊಟ್ಟರು. ದೇವರಿದ್ದ ಜಾಗವೆಂದು ನಮ್ಮ ಜನ ಮೊದಲ ದಿನವೇ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟರು. ಚರ್ಚಿನಲ್ಲಿ ಅದು ಬೇಕಿಲ್ಲವೆಂದು ಟ್ರಸ್ಟಿನವರು ನಕ್ಕರು. ಪದ್ಧತಿ ಮಾತ್ರ ಉಳಿಯಿತು.

ಜೂನ್ ಒಂಬತ್ತರ ಭಾನುವಾರ, ಲೇಸು ಬಿಗಿದ ಬೂಟಿನಲ್ಲಿ ಬಂದ ಇಂಜಿನಿಯರರನ್ನು ಕಸ ಗುಡಿಸುವ ಭೀಮಮ್ಮ ನನ್ನೆದುರೇ ತಡೆದರು.

“ಸಾಹೇಬ್ರ, ಬೂಟ್ ಬಿಚ್ಚಿ ಬರ್ರಿ.”

“ಚರ್ಚ್ ಮೇ ಜೂತೇ ಕೌನ್ ಉತಾರ್ತಾ ಹೈ, ಬಾಯಿ?”

“ನಮ್ ಮಂದಿ ಉತಾರ್ತೆ ಹೈ. ನಿಮಗ ಬ್ಯಾಡಾದ್ರ ಅಲ್ಲೇ ನಿಂದರ್ರಿ.”

ಅವರು ಅಲ್ಲೇ ನಿಂತರು, ಹೊರಗೊಂದು ಸುತ್ತು ಹಾಕಿ ಏನೋ ಬರೆದುಕೊಂಡು ಹೋದರು. ಹೊರಗಿನ ಆನಿಕೆಗಳು ಬದಿಗೆ ಆರರಂತೆ ಹನ್ನೆರಡಿವೆ. ಗೋಡೆಗೆ ವಾಲಿರುವುದೇ ಅವುಗಳ ಕೆಲಸ; ನೂರು ವರ್ಷಗಳಿಂದ ಅದನ್ನೇ ಮಾಡುತ್ತಿವೆ.

ಇದು ಬರಿಯ ಸೋಮಾರಿತನವೆಂದು ನಂಬಲು ನನಗೂ ಆಸೆ. ಆದರೆ ಜೂನ್ ನಾಲ್ಕರಂದೇ ಇಬ್ಬರು ಟೇಪು ಹಿಡಿದು ಅಂಗಳ ಅಳೆಯುತ್ತಿದ್ದರು. “ಯಾರು ಕಳಿಸಿದ್ದು ಮಾರಾಯ್ರೆ?” ಎಂದು ನಮ್ಮ ಸಂಘದ ದೇಜಪ್ಪಣ್ಣ ಕೇಳಿದ್ದಕ್ಕೆ “ಇಧರ್ ಶಾಪಿಂಗ್ ಮಾಲ್ ಬನೇಗಾ, ಕಾಕಾ” ಎಂದರಂತೆ. ಕಟ್ಟಡ ಬೀಳಲಿದೆಯೆಂಬುದು ಅವರಿಗೆ ತಮಗಿಂತ ಐದು ದಿನ ಮೊದಲೇ ತಿಳಿದದ್ದು ಹೇಗೆ?

ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವ ಮೂವತ್ತು ಮಕ್ಕಳು ಇಲ್ಲಿ ನನ್ನ ಬಳಿ ಓದುತ್ತಾರೆ. ಮನೆಯಲ್ಲಿ ಒಂದಕ್ಷರ ಕನ್ನಡವಾಡದ ಒಂಬತ್ತು ವರ್ಷದ ತೃಷಾ ಒಮ್ಮೆ ಪದ್ಯದ ಸಾಲೊಂದನ್ನು ಓದಿದಳು. ಎತ್ತರದ ಛಾವಣಿ ಅದನ್ನು ಅವಳಿಗೇ ಹಿಂತಿರುಗಿಸಿತು. ಬೆರಗಾಗಿ, “ಟೀಚರ್, ಫಿರ್ ಸೇ ಓದ್ಲಾ?” ಎಂದಳು. ಡೊಂಬಿವಲಿಯ ಯಾವ ಫ್ಲ್ಯಾಟಿನ ಗೋಡೆ ಅವಳನ್ನು ಹಾಗೆ ಓದಿಸೀತು?

ತಮ್ಮ ಇಲಾಖೆಗೆ ಸಂಬಂಧವಿಲ್ಲದ ತಜ್ಞರಿಂದ, ನಮ್ಮ ಎದುರಿನಲ್ಲಿ ಮರುತಪಾಸಣೆ ಮಾಡಿಸಿ. ಅಪಾಯ ನಿಜವಾದರೆ ಮಕ್ಕಳನ್ನು ಮೊದಲು ಹೊರಗೆ ಕರೆತರುವವಳು ನಾನೇ. ಅಲ್ಲಿಯವರೆಗೆ ನೋಟಿಸ್ ತಡೆಹಿಡಿಯಿರಿ. ಟೇಪು ಹಿಡಿದಿದ್ದ ಆ ಇಬ್ಬರು ಯಾರ ಕಡೆಯವರೆಂದು ಲಿಖಿತವಾಗಿ ತಿಳಿಸಿ. ತಿಳಿಸುವವರೆಗೂ ಪ್ರತಿ ಸೋಮವಾರ ತಮ್ಮ ಕಚೇರಿಯ ಬೆಂಚಿನ ಮೇಲೆ ನಾನಿರುತ್ತೇನೆ.

ಇಂತಿ,
ಸರಕಾರಿ ಉತ್ತರ ಬಂದೇ ಬರುತ್ತದೆಂದು ನಂಬುವಷ್ಟು ಕವಿತೆ ಓದಿ ಕೆಟ್ಟ,
ಯಾಮಿನಿ
ಡೊಂಬಿವಲಿ, 20 ಜೂನ್ 2013