ನೀರಿನ ಮೇಲೊಂದು ಗೇಟು

ನವೆಂಬರ್ 4, ಸೋಮವಾರ. ಉಲ್ಲಾಳ, ಬೆಂಗಳೂರು

ಸಂಪಿನ ಮೋಟಾರ್ ಆಫ್ ಮಾಡಿ ಬರುವಷ್ಟರಲ್ಲಿ ಅಣ್ಣ ಸ್ಕೂಟರನ್ನು ನಮ್ಮ ಗೇಟಿಗೆ ಒರಗಿಸಿ ಹೋಗಿದ್ದಾನೆ. ಬೇಕಂತಲೇ. ಎರಡು ಮನೆಗಳ ಮಧ್ಯದ ಓಣಿ ಪಾಲಿನಲ್ಲಿ ನನಗೆ ಬಂದಿದ್ದು. ಗೇಟ್ ಹಾಕಿಸಿ ಆರು ವರ್ಷ. ಆವತ್ತಿನಿಂದ ಅಣ್ಣ ನಾಗರಾಜು, ಅತ್ತಿಗೆ ಯಶೋದಮ್ಮ ಮೇನ್ ರೋಡಿಗೆ ಸುತ್ತು ಹಾಕಿಕೊಂಡು ಹೋಗುತ್ತಾರೆ. ಮಾತಿಲ್ಲ ಕತೆಯಿಲ್ಲ. ನಮ್ಮ ಜಾಗ, ನಮ್ಮ ಗೇಟು. ತಪ್ಪೇನಿದೆ?

ಸಾಕಾಗಿದೆ. ಮಗಳು ಕವನಾ ಮದುವೆ ಆಯ್ತು, ಹಾರ್ಡ್‌ವೇರ್ ಅಂಗಡಿ ಬೇರೆಯವರಿಗೆ ಬಿಟ್ಟಾಯ್ತು. ಇನ್ನು ಯಾರ ಗೋಡೆಯೂ ತಾಗದ ಕಡೆ ನಾನು, ಹೆಂಡತಿ ಲತಾ, ಇಬ್ಬರೇ ಇರಬೇಕು. ಹೋದ ತಿಂಗಳು ಮಂಗಳೂರು ಬಂದರಿನಲ್ಲಿ ಮಾರಾಟಕ್ಕಿದ್ದ ಒಂದು ಹಳೇ ಬೋಟು ನೋಡಿದಾಗ ಹಾಗನ್ನಿಸಿತು. ಅನ್ನಿಸಿದ ಕೂಡಲೇ ಅಡ್ವಾನ್ಸ್ ಕೊಟ್ಟುಬಿಟ್ಟೆ. ಲತಾಗೆ ಇನ್ನೂ ಹೇಳಿಲ್ಲ...

ನವೆಂಬರ್ 6

ಹೇಳಿದೆ. ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಬೋಟಾ?"

"ಹೂಂ. ಕ್ಯಾಬಿನ್ ಇದೆ. ಒಲೆ ಇಡೋಕೆ ಜಾಗ ಇದೆ."

"ನಿಮಗೆ ಈಜು ಬರಲ್ಲ."

"ಈಜು ಬರದೇ ಇರೋರಿಗೇ ಕಣೇ ಬೋಟು ಇರೋದು."

ನಗಲಿಲ್ಲ. "ಒಂದು ವಾರ ಬಂದು ಇರ್ತೀನಿ. ಮನಸ್ಸು ನಿಂತ್ರೆ ಇದ್ದುಬಿಡ್ತೀನಿ. ಇಲ್ಲಾಂದ್ರೆ ವಾಪಸ್ಸು. ಆಮೇಲೆ ಬಲವಂತ ಮಾಡಂಗಿಲ್ಲ" ಅಂದಳು.

ಅವಳು ನಿಲ್ಲದಿದ್ದರೆ ನಾನು ಅಲ್ಲಿ ಏನು ಮಾಡಲಿ? ಅದನ್ನು ಅವಳ ಮುಂದೆ ಬಾಯಿಬಿಟ್ಟು ಹೇಳಲಿಲ್ಲ.

ನವೆಂಬರ್ 19. ಮಂಗಳೂರು, ಧಕ್ಕೆ

ಬೋಟು ನನ್ನದಾಯ್ತು. ಬೋಟು ಕಟ್ಟುವ ಕಟ್ಟೆಗೆ ಇಲ್ಲಿ ಧಕ್ಕೆ ಅನ್ನುತ್ತಾರೆ. ಮರದ್ದು, ಹಸಿರು ಬಣ್ಣ. ಇಪ್ಪತ್ತು ವರ್ಷ ಮೀನು ಹಿಡಿದು ರಿಟೈರ್ ಆಗಿರುವುದು. ಮಾರಿದವರು ಪದ್ಮನಾಭ ಮೆಂಡನ್. ಬಿಳಿ ಮೀಸೆ, ದೊಡ್ಡ ಗಂಟಲು.

ಕಾಗದ ಕೈಗೆ ಬಂದ ಮೇಲೆ ಕೇಳಿದೆ, ಬೋಟು ನಿಂತಿರುವ ಜಾಗದ ಅಳತೆ ಎಷ್ಟು ಸಾರ್, ಚಕ್ಕುಬಂದಿ ಏನಂತ ಬರೆದಿದೆ? ಅವರಿಗೆ ತಲೆಬುಡ ತಿಳಿಯಲಿಲ್ಲ. ಪೂರ್ವಕ್ಕೆ ಯಾರದ್ದು, ಪಶ್ಚಿಮಕ್ಕೆ ಯಾರದ್ದು ಅಂತ ಬಿಡಿಸಿ ಹೇಳಿದೆ.

"ಪಶ್ಚಿಮಕ್ಕೆ ಸಮುದ್ರ ಉಂಟು. ಬೋಟು ನಿಮ್ದು ಮಾರಾಯ್ರೆ, ನೀರಲ್ಲಿ ಜಾಗ ಮಾರ್ಲಿಕ್ಕೆ ಆಗ್ತದಾ?"

ಜಾಗ ಸೇರಿ ಅಂದುಕೊಂಡಿದ್ದೆ! ನಾಲ್ಕು ದಿಕ್ಕು ನೋಡದೆ ಒಂದು ಕೋಳಿಗೂಡನ್ನೂ ಕೊಂಡವನಲ್ಲ ನಾನು. ಈಗ ಕೊಂಡಿದ್ದಾದರೂ ಏನು?

ನವೆಂಬರ್ 21

ಯಾವುದೂ ತಿಳಿಯುತ್ತಿಲ್ಲ. ಬೆಳಿಗ್ಗೆ ಬೋಟಿನಿಂದ ಧಕ್ಕೆಗೆ ಒಂದು ಹೆಜ್ಜೆ. ಮಧ್ಯಾಹ್ನ ನೀರು ಇಳಿದರೆ ಅದೇ ಧಕ್ಕೆ ಎದೆ ಮಟ್ಟಕ್ಕೆ ನಿಂತಿರುತ್ತದೆ. ಊರು ಯಾವುದು ಅಂದರೆ ಉಲ್ಲಾಳ ಅನ್ನುತ್ತೇನೆ. ಓ, ಇಲ್ಲೇ ಹೊಳೆ ದಾಟಿದ್ರೆ ಸಿಗ್ತದಲ್ಲ ಅನ್ನುತ್ತಾರೆ. ಇವರ ಉಳ್ಳಾಲ ಬೇರೆ, ನಮ್ಮದು ಕೆಂಗೇರಿ ಪಕ್ಕದ್ದು ಅಂತ ಎಷ್ಟು ಜನಕ್ಕೆ ಹೇಳಲಿ? ಸುಮ್ಮನೆ ಹೂಂ ಅಂದುಬಿಡುತ್ತೇನೆ.

ನವೆಂಬರ್ 23, ಶನಿವಾರ

ಲತಾ ಬಂದಳು. ಬಂದವಳೇ ಸೆರಗು ಸಿಕ್ಕಿಸಿ ಕ್ಯಾಬಿನ್ ತೊಳೆದಳು. ಗಣಪತಿ ಫೋಟೋ ಇಟ್ಟಳು. ಹಾಲು ಉಕ್ಕಿಸಲು ಪಾತ್ರೆ ಇಟ್ಟಳು. ಇನ್ನೇನು ಉಕ್ಕಬೇಕು, ಯಾವುದೋ ದೊಡ್ಡ ಬೋಟು ಹಾದುಹೋಯಿತು. ನಮ್ಮದು ಓಲಾಡಿ ಅರ್ಧ ಹಾಲು ನೆಲಕ್ಕೆ. ಇದು ಉಕ್ಕಿದ ಲೆಕ್ಕವೋ ಚೆಲ್ಲಿದ ಲೆಕ್ಕವೋ? ಇಬ್ಬರಿಗೂ ಗೊತ್ತಾಗಲಿಲ್ಲ. ಲತಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಖುಷಿಯಾಯಿತು.

ನವೆಂಬರ್ 24. ಬೆಳಿಗ್ಗೆ

ಇದೇನು ಮನೆಯಾ ಬಸ್ ಸ್ಟ್ಯಾಂಡಾ?! ನಮ್ಮ ಬೋಟು ಧಕ್ಕೆಗೆ ಅಂಟಿಕೊಂಡಿದೆ. ಬೆಳಗಾಗುವ ಹೊತ್ತಿಗೆ ನಮ್ಮದಕ್ಕೆ ಇನ್ನೊಂದು ಬೋಟು ಕಟ್ಟಿದ್ದಾರೆ. ಅದಕ್ಕೆ ಮತ್ತೊಂದು. ಅವರೆಲ್ಲ ನೆಲ ಸೇರಬೇಕಾದರೆ ನಮ್ಮ ಬೋಟನ್ನು ತುಳಿದುಕೊಂಡೇ ಹೋಗಬೇಕು. ಲತಾ ತಲೆ ಬಾಚಿಕೊಳ್ಳುತ್ತಾ ಕೂತಿದ್ದಳು. ಪಕ್ಕದಲ್ಲೇ ಮೀನಿನ ಬುಟ್ಟಿ ಹೊತ್ತು ಏಳೆಂಟು ಜನ ಹೋದರು. ಒಬ್ಬ "ನಮಸ್ಕಾರ ಅಕ್ಕಾ" ಬೇರೆ ಅಂದ.

ಮೆಂಡನ್‌ಗೆ ಫೋನ್ ಮಾಡಿದೆ. "ಇಲ್ಲಿ ಹಾಗೇ. ನಾಳೆ ನೀವು ಆಚೆ ಇದ್ರೆ ನೀವೂ ಅವರ ಬೋಟಿನ ಮೇಲೇ ಹೋಗುದು" ಅಂದರು. ನಾನ್ಯಾಕೆ ಆಚೆ ಇರಲಿ? ಮೊದಲು ಬಂದವನು ನಾನು.

ನವೆಂಬರ್ 26

ಲತಾ ಕತ್ತಲಲ್ಲೇ ಎದ್ದು, ಜಡೆ ಹೆಣೆದು, ಸೀರೆ ಸರಿಮಾಡಿಕೊಂಡು ಕೂತಿರುತ್ತಾಳೆ. ಪಾಪ, ಗಂಡಸರು ಓಡಾಡುತ್ತಾರಲ್ಲ. ದೊಡ್ಡ ಫ್ಲಾಸ್ಕ್ ತಗೊಂಡಿದ್ದಾಳೆ. ಇಬ್ಬರಿಗೆ ಅಷ್ಟು ಕಾಫಿ ಯಾಕೋ. ಇವತ್ತು ಬಂಗುಡೆ ಮೀನಿನ ಸಾರು ಮಾಡಿದ್ದಳು. ಎಲ್ಲಿಂದ ಬಂತು ಅಂದೆ. "ಕೊಟ್ರು" ಅಂದಳು.

"ಬೆಳಿಗ್ಗೆ ಎಷ್ಟು ಜನ ಓಡಾಡ್ತಾರೆ ಅಲ್ವಾ?" ಅಂತಲೂ ಅಂದಳು. ಅರ್ಥವಾಯಿತು. ಬಾಯಿಬಿಟ್ಟು ಗೊಣಗುವವಳಲ್ಲ ಅವಳು. ನಾನೇ ತಿಳಿದುಕೊಳ್ಳಬೇಕು. ವಾರ ಮುಗಿಯುತ್ತಾ ಬಂತು. ಏನಾದರೂ ಮಾಡಲೇಬೇಕು.

ನವೆಂಬರ್ 28, ಗುರುವಾರ

ಲತಾ ಕದ್ರಿ ದೇವಸ್ಥಾನಕ್ಕೆ ಹೋಗಿದ್ದಾಗ ವೆಲ್ಡರ್ ಕರೆಸಿ ಮುಗಿಸಿದೆ. ಬೋಟಿನ ಮೇಲೆ, ಬೇರೆ ಬೋಟು ಕಟ್ಟುವ ಹೊಳೆಯ ಕಡೆಗೆ ಉದ್ದಕ್ಕೂ ಪೈಪು, ಜಾಲರಿ. ಮಧ್ಯೆ ಗೇಟು. ಚಿಲಕ, ಕೀಲು ನಾನೇ ಆರಿಸಿದ್ದು. ಬೀಗ ಅಲುಗಾಡುವುದಿಲ್ಲ.

ಸಂಜೆ ಬಂದು ನೋಡಿದಳು. ಪ್ರಸಾದದ ಪೊಟ್ಟಣ ಕೈಯಲ್ಲೇ ಇತ್ತು.

"ಇಲ್ಲೂ ಹಾಕಿದ್ರಾ?" ಅಂದಳು.

ಅಷ್ಟೇ. ಊಟ ಬಡಿಸಿದಳು. ಅವಳು ಉಣ್ಣಲಿಲ್ಲ.

ನವೆಂಬರ್ 29

ಹೋದಳು.

ಬೆಳಿಗ್ಗೆ ಆಚೆ ಬೋಟಿನವರು ಬುಟ್ಟಿ ಹೊತ್ತು ಗೇಟಿನ ಮುಂದೆ ನಿಂತಿದ್ದರು. ಯಾರೂ ಕೂಗಾಡಲಿಲ್ಲ. ಒಬ್ಬ ಮಾತ್ರ "ಅಣ್ಣಾ, ಬೀಗ..." ಅಂದ. ಲತಾ ನನ್ನ ತಲೆದಿಂಬಿನ ಕೆಳಗಿಂದ ಕೀ ತೆಗೆದು ತಾನೇ ತೆರೆದಳು. ಫ್ಲಾಸ್ಕಿನಿಂದ ಒಬ್ಬೊಬ್ಬರಿಗೂ ಕಾಫಿ ಕೊಟ್ಟಳು. ಆ ಕಾಫಿ ದಿನಾ ಇವರಿಗೇ ಅಂತೆ! ನನಗೆ ಗೊತ್ತೇ ಇರಲಿಲ್ಲ, ನಾನು ಮಲಗಿರುತ್ತಿದ್ದೆ.

"ನಿನಗೋಸ್ಕರ ತಾನೇ ಕಣೇ ಹಾಕ್ಸಿದ್ದು" ಅಂದೆ.

"ಓಣಿಗೆ ಹಾಕ್ಸಿದಾಗಲೂ ಹಂಗೇ ಅಂದ್ರಿ. ಯಶೋದಕ್ಕನೂ ನಾನೂ ದಿನಾ ಸಾಯಂಕಾಲ ಆ ಓಣಿಲೇ ಕೂತ್ಕೋತಿದ್ವಿ. ಅವರು ಹೂ ಕಟ್ಟೋರು, ನಾನು ಅಕ್ಕಿ ಆರಿಸೋಳು. ಆರು ವರ್ಷ ಆಯ್ತು ರೀ ಅವರ ಜೊತೆ ನೆಟ್ಟಗೆ ಕೂತು ಮಾತಾಡಿ."

"ಮತ್ತೆ ಆವತ್ತೇ ಹೇಳ್ಬೇಕಿತ್ತು."

"ನೀವು ಕೇಳಿದ್ರಾ?"

ಬ್ಯಾಗ್ ತಗೊಂಡಳು. ಧಕ್ಕೆ ಮೇಲೆ ನಿಂತು ತಿರುಗಿ ನೋಡಿದಳು. "ಬೋಟು ಚೆನ್ನಾಗೇ ಇತ್ತು" ಅಂದಳು. ಹಾಗಾದರೆ ಯಾಕೆ ಹೋದಳು? ಚೆನ್ನಾಗಿತ್ತು ಅಂದರೆ ಏನರ್ಥ?

ಡಿಸೆಂಬರ್ 7

ಬರೆಯಲು ಮನಸ್ಸಿಲ್ಲ. ದಿನಾ ಹೋಟೆಲ್ ಊಟ. ಫೋನ್ ಮಾಡಿದರೆ ಲತಾ ತೆಗೆಯುವುದಿಲ್ಲ. ಕವನಾಗೆ ಮಾಡಿದೆ, ತೆಗೆದಳು. "ಅಪ್ಪಾ, ಅಮ್ಮ ಚೆನ್ನಾಗಿದ್ದಾರೆ. ನಾನು ಮಧ್ಯೆ ಬರಲ್ಲ" ಅಂದುಬಿಟ್ಟಳು.

ಅಣ್ಣನ ಮೇಲೆ ಸಿಟ್ಟು ಬರಲಿ ಅಂತ ಕೂತೆ. ಬರಲಿಲ್ಲ. ನನ್ನ ಮೇಲೂ ಸರಿಯಾಗಿ ಬರುತ್ತಿಲ್ಲ. ಸಿಟ್ಟು ಯಾರ ಮೇಲೆ ಅಂತಲೇ ಗೊತ್ತಿಲ್ಲ. ಅವಳು ಬೇಕು. ಅದೊಂದು ಗೊತ್ತು.

ಡಿಸೆಂಬರ್ 10

ಪೇಟೆಗೆ ಹೋಗಿ ಬರುವಷ್ಟರಲ್ಲಿ ನನ್ನ ಬೋಟು ಜಾಗದಲ್ಲಿಲ್ಲ! ನೋಡಿದರೆ ಮೂರು ಬೋಟಿನ ಆಚೆ, ಹೊಳೆಯ ಬದಿಗೆ ಕಟ್ಟಿದ್ದಾರೆ. ಮೀನು ಇಳಿಸುವವರಿಗೆ ಧಕ್ಕೆಯ ಪಕ್ಕ ಬೇಕಿತ್ತಂತೆ, ಹಗ್ಗ ಬಿಚ್ಚಿ ಎಲ್ಲ ಬೋಟನ್ನೂ ಅದಲು ಬದಲು ಮಾಡಿದ್ದಾರೆ. ನನ್ನ ಗೇಟಿನ ಆಚೆಗೆ ಈಗ ಬರೀ ನೀರು.

ಜಗಳ ಆಡೋಣ ಅಂದುಕೊಂಡೆ. ಯಾರ ಜೊತೆ? ಚಪ್ಪಲಿ ಕೈಯಲ್ಲಿ ಹಿಡಿದು ಮೊದಲನೇ ಬೋಟಿಗೆ ಕಾಲಿಟ್ಟೆ. ಊಟಕ್ಕೆ ಕೂತವರು ತಟ್ಟೆ ಸರಿಸಿ ದಾರಿ ಬಿಟ್ಟರು. ಎರಡನೆಯದರಲ್ಲಿ ಒಬ್ಬ ಕೈ ಹಿಡಿದು ದಾಟಿಸಿದ. ಆವತ್ತು ಗೇಟಿನ ಮುಂದೆ ಬೀಗ ಅಂದವನೇ. "ಅಕ್ಕ ಯಾವಾಗ ಬರುದು?" ಅಂತ ಕೇಳಿದ. ಗೊತ್ತಿಲ್ಲಪ್ಪ ಅಂದೆ. ಮೂರನೆಯದನ್ನೂ ದಾಟಿ ನನ್ನದಕ್ಕೆ ಇಳಿದೆ.

ಡಿಸೆಂಬರ್ 11. ಸಂಜೆ

ಲತಾಗೆ ಮತ್ತೆ ಫೋನ್ ಮಾಡಿದೆ. ಏನು ಹೇಳಬೇಕು ಅಂತ ಮೂರು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಬಾ ಅನ್ನಬೇಕೋ, ಬರ್ತೀನಿ ಅನ್ನಬೇಕೋ, ಅದೇ ತೀರ್ಮಾನವಾಗಿರಲಿಲ್ಲ. ಈ ಸಲ ಎರಡೇ ರಿಂಗಿಗೆ ಎತ್ತಿದರು.

ಅವಳಲ್ಲ.

"ಲತಾ ಒಳಗಡೆ ಅನ್ನಕ್ಕಿಡ್ತಾವ್ಳೆ. ಯಾರು, ಮೋಹನಾನಾ?"

ಯಶೋದಮ್ಮ. ಅತ್ತಿಗೆ. ಅವರ ಮನೆಯಲ್ಲಿ, ಅವರ ಒಲೆ ಮುಂದೆ ನನ್ನ ಹೆಂಡತಿ. ಹಿಂದೆ ಅಣ್ಣನ ಕೆಮ್ಮು ಕೇಳಿಸಿತು. ಯಾರೋ ಟಿವಿ ಸಣ್ಣಗೆ ಮಾಡಿದರು.

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಸುಲಭವಿತ್ತು, ನಾನೂ ಬೈಯಬಹುದಿತ್ತು.

"ಊಟಕ್ಕೇನು ಮಾಡ್ಕೋತೀಯಪ್ಪಾ ಅಲ್ಲಿ? ಒಬ್ಬನೇ ಇದೀಯಂತೆ" ಅಂದರು.

ಅತ್ತಿಗೆ ಅಂದೆ. ಆರು ವರ್ಷದಲ್ಲಿ ಮೊದಲನೇ ಸಲ ಬಾಯಲ್ಲಿ ಬಂತು. ಆಮೇಲೆ ನಾನು, ಬರ್ತೀನಿ, ಬಂದು ಓಣಿ ಗೇಟು ತೆಗೆಸ್ತೀನಿ ಅಂದೆ.