ಕೇಳದೆ ತಂದ ಸ್ಪೀಕರ್

ಇಳಕಲ್, ೧೪ ನವೆಂಬರ್, ಶುಕ್ರವಾರ

ಗೀಚುಬರಹಗಳ ಸಾರ್ವಭೌಮ, ನನ್ನ ಸಕಲ ಗುಟ್ಟುಗಳ ಗಂಡಭೇರುಂಡ, ಎಲೈ ದಿನಚರಿಯೇ, ಸಾವಧಾನ! ನಿನ್ನ ದಾಸ ಗೌತಮನು ಇಂದು ದನಿಯನ್ನೇ ಕೇಳದೆ ಸ್ಪೀಕರ್ ಕೊಂಡು ತಂದಿದ್ದಾನೆ.

ಅಂಗಡಿಯವನು ಡಬ್ಬಿಯ ಸೀಲು ಒಡೆಯಲು ಒಪ್ಪಲಿಲ್ಲ. ನಾನೂ ಸೋಲಲಿಲ್ಲ. ಡಬ್ಬಿಗಳನ್ನೇ ತೆಂಗಿನಕಾಯಿಯಂತೆ ಬಡಿದು, ಎತ್ತಿ ನೋಡಿ ಆರಿಸಿದೆ.

ಅಪ್ಪ ಮಗ್ಗ ನಿಲ್ಲಿಸಿ ಕೇಳಿದ, "ನಮ್ಮ ಕಡೆ ಸೀರಿ ತಗೊಳ್ಳಾಕ ಬಂದವ್ರು ಇಪ್ಪತ್ತು ಬಿಚ್ಚಿಸಿ ಒಂದು ಒಯ್ತಾರ. ನೀ ಒಂದೂ ಬಿಚ್ಚಿಸದ ತಂದೀ ಏನಲೇ?"

"ಇದರ ದನಿ ಕೇಳಿದ ಮ್ಯಾಲ ನೀನ ನನಗ ಶಾಲು ಹೊದಿಸ್ತೀ, ಅಪ್ಪಾ."

"ಹಂಗಾರ ಈಗ ಹಚ್ಚು, ನೋಡೂಣು," ಎಂದು ವಿದ್ಯಾ ಅಕ್ಕ ನಕ್ಕಳು.

ಮನೆಗೆ ಬೇಕಾದದ್ದನ್ನು ಆರಿಸಲು ಅಪ್ಪ ನನ್ನನ್ನು ಬಿಟ್ಟದ್ದು ಇದೇ ಮೊದಲು. ದನಿ ಕೆಟ್ಟರೆ ಇನ್ನು ತೆಂಗಿನಕಾಯಿ ತರಲೂ ಕಳಿಸುವುದಿಲ್ಲ. ಆದರೂ ಎದೆಯುಬ್ಬಿಸಿ ಘೋಷಿಸಿದೆ: "ಮಗ್ಗದ ಸಪ್ಪಳದಾಗ ಹಚ್ಚಿದ್ರ ಇದಕ್ಕ ಅವಮಾನ. ಅಮಾಸಿಗೆ ಮಗ್ಗ ನಿಲ್ತಾವಲ್ಲ, ಅವತ್ತ ಕೇಳ್ರಿ!"

ಅಮಾವಾಸ್ಯೆಗೆ ಇನ್ನೂ ಆರು ದಿನ. ನಾನು ಆರಿಸಿದ್ದು ಸರಿ. ನೂರು ಸಲ ಸರಿ.

ಈಗ ರಾತ್ರಿ, ಮಗ್ಗ ನಿಂತಿದೆ, ಓಣಿಯಲ್ಲಿ ಒಂದೂ ಸದ್ದಿಲ್ಲ, ಅಪ್ಪ ಇನ್ನೂ ಎಚ್ಚರವಾಗಿದ್ದಾನೆ. ಸೀಲು ಒಡೆಯದ ಡಬ್ಬಿಯ ಮೇಲೆಯೇ ನಿನ್ನನ್ನಿಟ್ಟು ಬರೆಯುತ್ತಿದ್ದೇನೆ. ಬಿಚ್ಚಿ ಕೇಳಲು ನನಗೇ ಹೆದರಿಕೆ.